ಸಮಪಾಲಿನ ದಾನ, ಬೀದಿಯ ಗೋಡೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ತಾಯಿತಂದೆಯರ ಸೇವೆ, ಪ್ರಾಣಿದಯೆ, ಸತ್ಯವಚನಗಳನ್ನು ಬೋಧಿಸುವ ಅವುಗಳ ಭಾಗವನ್ನು ಭಾಷಣಕಾರರು ಮೇಲಿಂದ ಮೇಲೆ ಉದಾಹರಿಸುತ್ತಾರೆ. ಅದೇ ಬಂಡೆಯ ಮತ್ತೊಂದು ಆಶಯ ಮಾತ್ರ ಯಾರ ನಾಲಗೆಯ ಮೇಲೂ ಸುಳಿಯದು. ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಿಸಿದರೆ ಸಣ್ಣವನಿಗೂ ಅದು ದೊರಕುವುದು, ಆದುದರಿಂದ ಸಣ್ಣವರೂ ದೊಡ್ಡವರೂ ಕೂಡಿ ಪ್ರಯತ್ನಶೀಲರಾಗಲಿ ಎಂಬುದು ಆ ಆಶಯ. ಎರಡು ಸಾವಿರದ ಇನ್ನೂರು ವರ್ಷಗಳಾಚೆಗೆ ಈ ಬರಡು ಸೀಮೆಯ ಕಲ್ಲಿನ ಮೇಲೆ ಕೊರೆದ ಈ ಮಾತನ್ನು ಇಂದಿನ ದಾನಪದ್ಧತಿ ತಲೆಕೆಳಗು ಮಾಡಿದೆ. ದೊಡ್ಡವರು ಕೊಡತಕ್ಕವರು, ಸಣ್ಣವರು ಕೈಯೊಡ್ಡತಕ್ಕವರು ಎಂದು ಅದು ಸಮಾಜವನ್ನು ಎರಡಾಗಿ ಸೀಳಿದೆ.

ಅಕ್ಕಪಕ್ಕದ ಮನೆಯವರು ಒಟ್ಟಾಗಿ ತಮ್ಮ ಮನೆಗಳ ಹೊರಭಾಗವನ್ನು ದುರಸ್ತಿ ಮಾಡಿಕೊಳ್ಳಲು ಮುಂದಾದರೆ, ಅವರು ಹಾಕಿದಷ್ಟೇ ಹಣವನ್ನು ಒಂದು ಸಂಸ್ಥೆ ಹಾಕುವ ಕ್ರಮಕ್ಕೆ ಸಮಪಾಲು ಅನುದಾನವೆನ್ನಬಹುದು. ಹತ್ತು ಮನೆಯವರು ತಲಾ ಐದು ಸಾವಿರ ಕೂಡಿಸಿದರೆ ಐವತ್ತು ಸಾವಿರ, ಸಂಸ್ಥೆಯ ಐವತ್ತು ಸಾವಿರ ಸೇರಿ ಒಂದು ಲಕ್ಷ. ಮಹಾದ್ವಾರಗಳಿಗೆ ಅಮೃತಶಿಲೆ ಹೊದಿಸಲು ಹತ್ತಾರು ಲಕ್ಷ ವಿನಿಯೋಗಿಸುವ ಧರ್ಮಸಂಸ್ಥೆಗಳಿಗೆ ಇದೊಂದು ಮೊತ್ತವೇ ಅಲ್ಲ. ಆದರೂ ಇಂಥದೊಂದು ಠರಾವು ಟ್ರಸ್ಟುಗಳ ಸಭೆಗಳಲ್ಲಿ ಬರುವುದೇ ಅಪೂರ್ವ. ಬಂದರೂ ‘ಮನೆಗೆ ಸುಣ್ಣ ಬಳಿಯುವುದು ಧರ್ಮಕಾರ್ಯವೇ?’ ಎಂಬ ಒಂದೇ ಪ್ರಶ್ನೆ ಸಾಕು, ಅದು ಬಿದ್ದುಹೋಗಲು.

ಈ ಪ್ರಶ್ನೆ ಕೇಳುವವರು ಮೊಳಕಾಲ್ಮೂರಿನ ನೇಕಾರರ ಬೀದಿಯೊಂದರಲ್ಲಿ ಮಳೆ ಸುರಿಯುವಾಗ ನಿಂತು ನೋಡಬೇಕು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿಗೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಸೇರಿವೆ. ಆದರೆ ಬಂದಾಗ ಮಳೆ ಒಮ್ಮೆಗೇ ಹೊಯ್ಯುತ್ತದೆ. ಇಲ್ಲಿನ ಹಳೆಯ ಮಾಳಿಗೆ ಮನೆಗಳು ತೊಲೆ ಜಂತೆಗಳ ಮೇಲೆ ಮಣ್ಣು ಹೊದ್ದು ನಿಂತವು. ನೀರಿಳಿಯದಂತೆ ಆ ಮಾಳಿಗೆಗಳಿಗೆ ಮಳೆಗಾಲಕ್ಕೆ ಮೊದಲು ಕರಲು ಮಣ್ಣು ಹಾಕಿಸಬೇಕು. ಎರಡು ಮನೆಗಳ ನಡುವೆ ಬಹುಸಾರಿ ಒಂದೇ ಗೋಡೆ. ಒಬ್ಬನು ತನ್ನ ಮಾಳಿಗೆಯ ದೋಣಿಯನ್ನು ತಿರುಗಿಸಿದರೆ ನೀರು ಪಕ್ಕದವನ ಗೋಡೆಯ ಬುಡಕ್ಕೆ ಬೀಳುತ್ತದೆ. ರೇಷ್ಮೆ ಸೀರೆ ನೇಯುವ ಕುಣಿಮಗ್ಗವಿರುವ ಮನೆಯಲ್ಲಿ ನೇಕಾರನು ಕಾಲಿಳಿಬಿಟ್ಟು ಕೂರುವ ಕುಣಿ ನೆಲದ ಮಟ್ಟಕ್ಕಿಂತ ಕೆಳಗಿರುತ್ತದೆ. ಹೊರಗೋಡೆಯ ಬುಡ ಕುಡಿದ ನೀರು ಮೊದಲು ತಲುಪುವುದು ಅಲ್ಲಿಗೇ. ಕುಣಿ ಒದ್ದೆಯಾದರೆ ಹಾಸು ಹಾಳು, ಹಾಸು ಹಾಳಾದರೆ ಆ ವಾರದ ಕೂಲಿ ಹಾಳು. ಭೌಗೋಳಿಕ ಗುರುತು ಪಡೆದು ಹೆಸರಾದ ಸೀರೆಯ ಅಂಚು ಸೆರಗುಗಳನ್ನು ಮದುವೆಮನೆಯಲ್ಲಿ ಹೊಗಳುವವರಿಗೆ ಅದನ್ನು ನೇಯ್ದ ಮನೆಯ ಹೊರಗೋಡೆ ಕೇವಲ ಅಲಂಕಾರವಾಗಿ ತೋರುವುದಾದರೆ, ಅದು ದೃಷ್ಟಿದೋಷವಲ್ಲದೆ ಮತ್ತೇನು?

ಮನೆಯ ಒಳಗು ಒಬ್ಬನದು, ಹೊರಗು ಬೀದಿಯದು. ಸರ್ಕಾರಿ ವಸತಿ ಯೋಜನೆಗಳು ಗಮನಿಸದೆ ಹೋದುದು ಇದನ್ನೇ. 1985ರ ಇಂದಿರಾ ಆವಾಸ್ ಯೋಜನೆ, ತೊಂಬತ್ತರ ದಶಕದಲ್ಲಿ ರಾಜ್ಯ ಸರ್ಕಾರ ತಂದ ಆಶ್ರಯ ಯೋಜನೆ, 2016ರಲ್ಲಿ ಆರಂಭವಾಗಿ ಬಯಲುಸೀಮೆಯ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ನಿಗದಿಪಡಿಸಿದ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಲಕ್ಷಾಂತರ ಕುಟುಂಬಗಳಿಗೆ ಸೂರು ಕೊಟ್ಟಿವೆ. ಆ ಪುಣ್ಯವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅವೆಲ್ಲವೂ ಒಬ್ಬ ಫಲಾನುಭವಿ, ಒಂದು ಖಾತೆ, ಒಂದು ಮನೆ ಎಂಬ ಲೆಕ್ಕದವು. ಅನುದಾನ ಪಡೆದವನು ಬೀದಿಗಿಂತ ಮೂರಡಿ ಎತ್ತರಕ್ಕೆ ತಳಪಾಯ ಎತ್ತುತ್ತಾನೆ. ಪಕ್ಕದವನ ಹೊಸ್ತಿಲು ತಾನಾಗಿಯೇ ತಗ್ಗಾಗುತ್ತದೆ. ಅವನ ಸರದಿ ಬಂದಾಗ ಅವನು ನಾಲ್ಕಡಿ ಎತ್ತುತ್ತಾನೆ. ಸರದಿಯೇ ಬಾರದ ವಿಧವೆಯ ಮನೆಗೆ ಇಬ್ಬರ ನೀರೂ ನುಗ್ಗುತ್ತದೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ನೆರೆಯವರು ಕೂತು ಮಾತನಾಡಬೇಕಾದ ಪ್ರಸಂಗವನ್ನು ಹಣ ಕೊಟ್ಟ ರೀತಿಯೇ ಇಲ್ಲವಾಗಿಸಿತು, ಅಷ್ಟೆ. ಸಮಪಾಲು ಅನುದಾನದ ಬೆಲೆ ಇರುವುದು ಇಲ್ಲಿ. ಹತ್ತು ಮನೆಯವರು ಒಪ್ಪದೆ ಹಣ ಹುಟ್ಟುವುದಿಲ್ಲ. ಒಪ್ಪಬೇಕಾದರೆ ದೋಣಿಯ ನೀರು ಎತ್ತ ಬೀಳಬೇಕು, ಚರಂಡಿ ಎಷ್ಟು ಆಳವಿರಬೇಕು, ಯಾರ ಜಗಲಿ ಬೀದಿಯೊಳಕ್ಕೆ ಎಷ್ಟು ಚಾಚಿದೆ ಎಂಬ ಕಹಿ ಮಾತುಗಳನ್ನೆಲ್ಲ ಆಡಿ ಮುಗಿಸಲೇಬೇಕು.

ಜೈನ ಸಮಾಜಕ್ಕೆ ಇಂಥ ಪದ್ಧತಿ ಹೊಸತೆಂದು ಯಾರೂ ಹೇಳುವಂತಿಲ್ಲ. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ 1991ರಲ್ಲಿ ಸ್ಥಾಪನೆಯಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ನಾಡಿನ ಇನ್ನೂರಕ್ಕೂ ಹೆಚ್ಚು ಪ್ರಾಚೀನ ದೇಗುಲಗಳನ್ನು ಉದ್ಧರಿಸಿದೆ. ಸರ್ಕಾರದೊಡನೆ ಕೈಜೋಡಿಸಿದ ಕಾಮಗಾರಿಗಳಲ್ಲಿ ಅದು ಅನುಸರಿಸಿದ ಕ್ರಮವೆಂದರೆ ವೆಚ್ಚದ ನೂರಕ್ಕೆ ನಲವತ್ತು ಪಾಲು ಟ್ರಸ್ಟಿನದು, ನಲವತ್ತು ಸರ್ಕಾರದ್ದು, ಉಳಿದ ಇಪ್ಪತ್ತು ಊರವರದು. ಆ ಇಪ್ಪತ್ತನ್ನೂ ಟ್ರಸ್ಟೇ ಕೊಟ್ಟುಬಿಡುವ ದಾರಿ ಇರಲಿಲ್ಲವೆಂದಲ್ಲ. ಊರವರ ಪಾಲಿಲ್ಲದೆ ನಿಂತ ಕಟ್ಟಡವನ್ನು ಊರವರು ಕಾಯುವುದಿಲ್ಲ ಎಂಬ ಅನುಭವ ಅದರ ಹಿಂದಿದೆ. ಅದಕ್ಕೂ ಮೊದಲೇ, 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಒಬ್ಬರ ಹೊಲದಲ್ಲಿ ಎಲ್ಲರೂ ದುಡಿಯುವ ಕ್ರಮ ಬೇರೂರಿತು. ಹಳೆಯ ಮುಯ್ಯಾಳು ಪದ್ಧತಿಗೆ ಅದು ಕೊಟ್ಟ ಮರುಹುಟ್ಟು. ದೇವರ ಮನೆಗೆ ಸಲ್ಲುವ ಲೆಕ್ಕ, ರೈತನ ಹೊಲಕ್ಕೆ ಸಲ್ಲುವ ಲೆಕ್ಕ, ನೇಕಾರನ ಹೊರಗೋಡೆಗೆ ಏಕೆ ಸಲ್ಲದು? ಇನ್ನೂ ಹಿಂದಕ್ಕೆ ಹೋದರೆ, 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಹಮದಾಬಾದಿನ ಹಳೆಯ ನಗರದ ಪೋಳ್‌ಗಳಲ್ಲಿ, ಅಂದರೆ ಒಂದೇ ಹೆಬ್ಬಾಗಿಲಿನೊಳಗಿನ ಕೇರಿಗಳಲ್ಲಿ, ಜೈನ ಮನೆತನಗಳೂ ಇತರರೂ ತಮ್ಮ ಪಂಚರ ಮೂಲಕ ಸಾಮಾನ್ಯ ನಿಧಿಯೊಂದನ್ನು ಕಾದುಕೊಂಡು ಬಂದಿದ್ದರು. ಮನೆ ಮಾರಾಟವಾದಾಗ ಅದಕ್ಕೊಂದು ಪಾಲು ಸಲ್ಲುತ್ತಿತ್ತು.

ಚತುರ್ವಿಧ ದಾನಗಳ ಪಟ್ಟಿಯಲ್ಲಿ ಗೋಡೆಯ ದುರಸ್ತಿ ಇಲ್ಲವೆಂದು ಪಂಡಿತರೊಬ್ಬರು ಆಕ್ಷೇಪಿಸಬಹುದು. ಮಹಾದ್ವಾರದ ಅಮೃತಶಿಲೆಯೂ ಆ ಪಟ್ಟಿಯಲ್ಲಿಲ್ಲ. ತಲೆಯ ಮೇಲೆ ಕುಸಿಯಬಹುದಾದ ಮಣ್ಣಗೋಡೆಯ ಕೆಳಗೆ ಮಲಗುವ ಮಕ್ಕಳಿಗೆ ಆ ಭಯವನ್ನು ನೀಗಿಸುವುದು ಅಭಯದಾನವಲ್ಲವೆಂದು ಸಾಧಿಸುವ ಹೊಣೆ ಆಕ್ಷೇಪಿಸುವವರ ಮೇಲಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಬಗೆಗಳಲ್ಲಿ ಕರ್ಮಕ್ಕೆ ಫಲವುಂಟೆಂದು ನಂಬುವವರಿಗೆ, ತಾನು ಮಾಡುವುದಕ್ಕಿಂತ ನೆರೆಯವರಿಂದ ಮಾಡಿಸುವುದು ಕೀಳೆಂದು ತೋರಬೇಕಾಗಿಲ್ಲ. ಕಲ್ಲಿನ ಮೇಲೆ ಹೆಸರು ಕೊರೆಸುವ ಅವಕಾಶ ಇದರಲ್ಲಿ ಕಡಿಮೆಯೆಂಬುದು ನಿಜ. ಬಹುಶಃ ಹಿಂಜರಿಕೆಯ ಮೂಲವೂ ಅದೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆಯೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಕಿದಷ್ಟಕ್ಕೇ ಕೊಡುವುದಾದರೆ ಹಣವುಳ್ಳ ಬೀದಿಗೆ ಹೆಚ್ಚು, ಇಲ್ಲದ ಹಟ್ಟಿಗೆ ಕಡಿಮೆ ದೊರೆಯುವುದಿಲ್ಲವೇ? ದೊರೆಯುತ್ತದೆ, ಪಾಲನ್ನು ರೂಪಾಯಿಯಲ್ಲಿ ಮಾತ್ರ ಎಣಿಸಿದರೆ. ಅಮೆರಿಕದ ಸಿಯಾಟಲ್ ನಗರವು 1988ರಲ್ಲಿ ನೆರೆಹೊರೆಯ ಸಮಪಾಲು ನಿಧಿಯನ್ನು ಸ್ಥಾಪಿಸಿದಾಗ ನಿವಾಸಿಗಳು ದುಡಿದ ಗಂಟೆಗಳನ್ನೂ ಕೊಟ್ಟ ಸಾಮಗ್ರಿಯನ್ನೂ ಅವರ ಪಾಲೆಂದೇ ಪರಿಗಣಿಸಿತು. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಕೆರೆಗಳನ್ನು ಕಟ್ಟಿಸಿದ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ನುಡಿ ಈ ಸೀಮೆಯ ಪ್ರತಿ ಮನೆಯಲ್ಲೂ ಬಳಕೆಯಲ್ಲಿದೆ. ಕೆರೆಯ ಕೆಲಸಕ್ಕೆ ಬಂದವರಿಗೆ ಅವರವರು ದುಡಿದಷ್ಟೇ ಕೂಲಿ ಸಂದಿತೆಂಬ ಐತಿಹ್ಯವೂ ಇದೆ. ಮಣ್ಣು ಹೊತ್ತವಳ ದಿನವನ್ನು ಊರಿನ ಕೂಲಿಯ ದರದಲ್ಲಿ ಬರೆದುಕೊಂಡರೆ ಕಾಡುಗೊಲ್ಲರ ಹಟ್ಟಿಯ ಪಾಲು ಎಣ್ಣೆ ಗಿರಣಿಯ ಮಾಲೀಕರ ಬೀದಿಯ ಪಾಲಿಗಿಂತ ಕಡಿಮೆಯಾಗಬೇಕಾಗಿಲ್ಲ. ತೀರ ಬಡ ಬೀದಿಗಳಿಗೆ ಒಂದಕ್ಕೆ ಎರಡು, ಮೂರು ಎಂದು ಕೊಡುವುದಕ್ಕೂ ಯಾವ ಶಾಸ್ತ್ರದ ಅಡ್ಡಿಯಿಲ್ಲ. ಬಾಡಿಗೆ ಮನೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಗೋಡೆ ಚೆನ್ನಾದ ಮರುತಿಂಗಳೇ ಬಾಡಿಗೆ ಏರಿಸುವ ಮಾಲೀಕನಿಗೆ ಧರ್ಮದ ಹಣ ಸಲ್ಲಬಾರದು. ಮೂರು ವರ್ಷ ಏರಿಸುವುದಿಲ್ಲವೆಂದು ಮೊದಲೇ ಬರೆಸಿಕೊಳ್ಳಬೇಕು.

ನೂರಕ್ಕೆ ನೂರು ತಾವೇ ಕೊಟ್ಟುಬಿಡುವುದು ಇನ್ನೂ ಉದಾರವಲ್ಲವೇ ಎನ್ನುವವರೂ ಉಂಟು. ಪುಕ್ಕಟೆಯಾಗಿ ಬಳಿದ ಬಣ್ಣ ದಾನಿಯ ಆಯ್ಕೆಯ ಬಣ್ಣ. ಉದ್ಘಾಟನೆಯ ದಿನ ಬೀದಿಯೆಲ್ಲ ಒಂದೇ ಹಳದಿಯಲ್ಲಿ ಹೊಳೆದು, ಮುಂದಿನ ಯುಗಾದಿಗೆ ಸುಣ್ಣ ಬಳಿಯುವವರಿಲ್ಲದೆ ಅದೇ ಬೀದಿ ಚಕ್ಕೆಯೇಳುತ್ತದೆ. ತನ್ನ ಐದು ಸಾವಿರ ಹೂಡಿದವನಾದರೋ ಮೇಸ್ತ್ರಿ ಗಾರೆಗೆ ಎಷ್ಟು ಸುಣ್ಣ ಬೆರೆಸಿದನೆಂದು ನಿಂತು ನೋಡುತ್ತಾನೆ.

ಟ್ರಸ್ಟುಗಳು ಮಾಡಬೇಕಾದುದು ದೊಡ್ಡದೇನಲ್ಲ. ಬಸದಿ ಅಥವಾ ಮಂದಿರವಿರುವ ಬೀದಿಯಿಂದ ಆರಂಭಿಸಬಹುದು. ಆದರೆ ಶ್ರಾವಕರ ಮನೆಗಳನ್ನು ಮಾತ್ರ ಆರಿಸಿ ನಡುವಿನ ಮನೆಗಳನ್ನು ಬಿಡಕೂಡದು. ನೀರಿಗೆ ಜಾತಿ ಮತಗಳ ಭೇದ ತಿಳಿಯದು. ಹಣವನ್ನು ಮನೆಗಲ್ಲ, ಬೀದಿಯವರ ಜಂಟಿ ಖಾತೆಗೆ ಕೊಡಬೇಕು. ಅರ್ಧ ಮೊದಲು, ಉಳಿದರ್ಧ ಚರಂಡಿಯಲ್ಲಿ ನೀರು ಹರಿಸಿ ನೋಡಿದ ಮೇಲೆ. ಲೆಕ್ಕವನ್ನು ಬೀದಿಯ ಗೋಡೆಯೊಂದರ ಮೇಲೆ ಬರೆಯಿಸಬೇಕು. ಮಾಳಿಗೆಗೆ ಕರಲು ಮಣ್ಣು ಬೀಳಬೇಕಾದುದು ಮುಂಗಾರಿಗೆ ಮೊದಲು. ಆದುದರಿಂದ ಠರಾವು ಮಹಾವೀರ ಜಯಂತಿಯ ಸಭೆಯಲ್ಲಿಯೇ ಆಗಬೇಕು, ಪರ್ಯೂಷಣದವರೆಗೆ ಮುಂದೂಡಿದರೆ ಆ ವರ್ಷದ ಮಳೆ ಗೋಡೆಗಳ ಬುಡವನ್ನು ಆಗಲೇ ಕುಡಿದಿರುತ್ತದೆ.