ಕಾಯಿಲೆಗೆಂದು ಕೂಡಿಟ್ಟ ಹಣ

ತೋಟದ ಕೆಲಸಗಾರರ ಕಾಯಿಲೆ ಕಸಾಲೆಯ ಖರ್ಚಿಗಾಗಿ ಪ್ರತಿಯೊಬ್ಬರ ಹೆಸರಿನಲ್ಲೂ ಒಂದೊಂದು ಉಳಿತಾಯ ಖಾತೆ ತೆರೆಯಬೇಕೆಂದು ಕೆಲವು ಸದಸ್ಯರು ಸಲಹೆ ಮಾಡಿದ್ದಾರೆ. ಸಲಹೆ ಒಳ್ಳೆಯದೇ. ಆದರೆ ಗುಣದೋಷಗಳನ್ನು ತೂಗಿ ನೋಡದೆ ಮುಂದುವರಿಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಇದು ಹೊಸ ಏರ್ಪಾಡೇನಲ್ಲ. ಸಿಂಗಪುರದಲ್ಲಿ 1984ರಿಂದ ‘ಮೆಡಿಸೇವ್’ ಎಂಬ ಹೆಸರಿನಲ್ಲಿ ದುಡಿಯುವವರ ಸಂಬಳದ ಒಂದು ಪಾಲು ಅವರವರ ಖಾತೆಗೆ ಕಡ್ಡಾಯವಾಗಿ ಸೇರುತ್ತಿದೆ. ಅಮೆರಿಕದಲ್ಲಿ 2003ರ ಕಾನೂನಿನಂತೆ ಇಂಥ ಖಾತೆಗೆ ಕಟ್ಟಿದ ಹಣಕ್ಕೆ ತೆರಿಗೆ ವಿನಾಯಿತಿಯುಂಟು. ಹಣ ದುಡಿದವನದೇ, ಈ ವರ್ಷ ಮಿಕ್ಕದ್ದು ಮುಂದಿನ ವರ್ಷಕ್ಕೆ ಉಳಿಯುತ್ತದೆ, ಕೆಲಸ ಬಿಟ್ಟರೂ ಕೈತಪ್ಪುವುದಿಲ್ಲ. ಇವು ಗುಣಗಳು.

ಇನ್ನು ದೋಷ. ತೆರಿಗೆಯನ್ನೇ ಕಟ್ಟದ ದಿನಗೂಲಿಯವನಿಗೆ ತೆರಿಗೆ ವಿನಾಯಿತಿಯಿಂದ ಬರುವುದೇನೂ ಇಲ್ಲ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಆಳು 10 ರೂ., ತೋಟದವರು 10 ರೂ. ಹಾಕಿದರೆ, 200 ದಿನದ ಕೆಲಸಕ್ಕೆ ವರ್ಷಕ್ಕೆ 4,000 ರೂ. ಆಗುತ್ತದೆ. ಜ್ವರ, ಹಲ್ಲುನೋವು, ಕನ್ನಡಕಕ್ಕೆ ಇದು ಸಾಕು. ಆದರೆ ಎರಡನೆಯ ವರ್ಷವೇ ಕೊನೆಗಾರ ಮರದಿಂದ ಬಿದ್ದು ಬೆನ್ನು ಮುರಿದುಕೊಂಡರೆ? ಹನಿಗೂಡಿ ಹಳ್ಳವಾಗುವವರೆಗೆ ಆಪತ್ತು ಕಾಯುವುದಿಲ್ಲ. ಸಿಂಗಪುರದವರೂ ಉಳಿತಾಯವೊಂದನ್ನೇ ನೆಚ್ಚಿ ಕೂರಲಿಲ್ಲ. 1990ರಲ್ಲಿ ವಿಮೆಯನ್ನೂ, 1993ರಲ್ಲಿ ಬಡವರಿಗಾಗಿ ಪ್ರತ್ಯೇಕ ನಿಧಿಯನ್ನೂ ಸೇರಿಸಿದರು.

ದೊಡ್ಡ ಕಾಯಿಲೆಗೆ ಹತ್ತು ಜನರ ಹೆಗಲು ಬೇಕು. ಸಹಕಾರದ ತಿರುಳೇ ಅದು. 2003ರಲ್ಲಿ ಜಾರಿಗೆ ಬಂದ ನಮ್ಮ ‘ಯಶಸ್ವಿನಿ’ ಯೋಜನೆ ನಿಂತದ್ದು ಈ ತತ್ವದ ಮೇಲೆಯೇ. 2018ರಲ್ಲಿ ನಿಂತುಹೋಗಿದ್ದ ಅದು 2022–23ರಲ್ಲಿ ಮತ್ತೆ ಆರಂಭವಾಯಿತು. ಬಿ.ಪಿ.ಎಲ್. ಚೀಟಿಯವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಆದರೆ ಸಹಕಾರ ಸಂಘದ ಸದಸ್ಯತ್ವವೂ ಇಲ್ಲದ, ಚೀಟಿಯೂ ಸರಿಯಿಲ್ಲದ ಆಳಿಗೆ ಇವೆರಡೂ ಕನ್ನಡಿಯೊಳಗಿನ ಗಂಟು. ಅಲ್ಲದೆ ಬಸ್ಸಿನ ಖರ್ಚು, ತಪ್ಪಿಹೋದ ಕೂಲಿ, ಇವನ್ನು ಯಾವ ಯೋಜನೆ ತುಂಬಿಕೊಡುತ್ತದೆ? ಉಳಿತಾಯ ಖಾತೆ ಒದಗಬೇಕಾದದ್ದು ಇಲ್ಲಿ.

ಆದ್ದರಿಂದ ನಮ್ಮ ಸೂಚನೆ ಇಷ್ಟೆ. ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದ ಆಳುಗಳ ಚೀಟಿಗಳನ್ನು ನೋಡಿ ಸರಿಪಡಿಸಿಕೊಡಲಿ. ಊರಿನ ಸಹಕಾರ ಸಂಘದಲ್ಲಾಗಲಿ, ಸ್ವಸಹಾಯ ಗುಂಪಿನಲ್ಲಾಗಲಿ ಅವರನ್ನು ಸೇರಿಸಲಿ. ಅನಂತರ ಖಾತೆ ತೆರೆಯೋಣ. ಆಳಿನ ಕೂಲಿಯಿಂದ ಮುರಿದುಕೊಂಡು ಪುಣ್ಯ ಕಟ್ಟಿಕೊಳ್ಳುವುದು ಬೇಡ. ತೋಟದವರ ಪಾಲು ಮೊದಲು ಬೀಳಲಿ. ಅಡಿಕೆ, ಕಾಫಿಗೆ ಧಾರಣೆ ಬಂದ ವರ್ಷವಂತೂ ಇದು ಭಾರವಾಗಲಾರದು. ಮುಂದಿನ ಮಹಾಸಭೆಗೆ ಬರುವಾಗ ಸದಸ್ಯ ಬಾಂಧವರು ಈ ವಿಷಯವನ್ನು ಯೋಚಿಸಿಕೊಂಡು ಬರಬೇಕೆಂದು ಕೋರುತ್ತೇವೆ.