ಘಾಟಿ ಹತ್ತಿದ ಎಂಜಿನ್ನಿಗೆ ಎರಡು ನಿಮಿಷ

ಚಾರ್ಮಾಡಿ ಘಾಟಿಯ ತಿರುವುಗಳನ್ನೆಲ್ಲ ಹತ್ತಿ ಬಂದ ವಾಹನಗಳು ಕೊಟ್ಟಿಗೆಹಾರದಲ್ಲಿ ನಿಲ್ಲುವುದು ವಾಡಿಕೆ. ಪ್ರಯಾಣಿಕರು ಕಾಫಿ, ನೀರುದೋಸೆ ಎಂದು ಹೋಟೆಲಿನತ್ತ ನಡೆಯುತ್ತಾರೆ. ಅನುಭವಿ ಚಾಲಕ ಮಾತ್ರ ಎಂಜಿನ್ ಆಫ್ ಮಾಡದೆ ಒಂದೆರಡು ನಿಮಿಷ ಸೀಟಿನಲ್ಲೇ ಕೂತಿರುತ್ತಾನೆ. ‘ಗಾಡಿ ನಿಂತ ಮೇಲೂ ಡೀಸೆಲ್ ಉರಿಸುವುದು ಯಾಕೆ?’ ಎಂದು ಹಿಂದಿನ ಸೀಟಿನ ಹುಡುಗ ಕೇಳಿದರೆ ತಪ್ಪಲ್ಲ. ಇಂಧನ ಉಳಿಸಬೇಕೆಂದು ಶಾಲೆಯಲ್ಲಿ ಕಲಿತ ಪಾಠ ಅದು. ಆದರೆ ಇಲ್ಲಿ ಚಾಲಕನೂ ಸರಿಯೇ. ಕಾರಣ, ಎಂಜಿನ್ನಿನ ಪಕ್ಕದಲ್ಲಿ ಕೂತಿರುವ ಟರ್ಬೊಚಾರ್ಜರ್ ಎಂಬ ಸಣ್ಣ ಯಂತ್ರ.

ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬಿಸಿ ಹೊಗೆಯ ಜೊತೆಗೆ ಕೊಳವೆಯಿಂದ ಹೊರಹೋಗಿಬಿಡುತ್ತದೆ. ಹೀಗೆ ಪೋಲಾಗುವ ಶಕ್ತಿಯಿಂದಲೇ ಕೆಲಸ ತೆಗೆಯುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದ. ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿನೊಳಕ್ಕೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಇಂಧನ ಉರಿಯುತ್ತದೆ. ಸಣ್ಣ ಎಂಜಿನ್ ದೊಡ್ಡದರ ಕೆಲಸ ಮಾಡುತ್ತದೆ. ಇಂದಿನ ಡೀಸೆಲ್ ಬಸ್ಸು, ಲಾರಿ, ಕಾರುಗಳಲ್ಲಿ ಬಹುತೇಕ ಎಲ್ಲದರಲ್ಲೂ, ಅನೇಕ ಪೆಟ್ರೋಲ್ ಕಾರುಗಳಲ್ಲೂ ಟರ್ಬೊ ಇದೆ.

ಈ ಪುಟ್ಟ ಚಕ್ರದ ಪಾಡು ಮಾತ್ರ ಸುಲಭದ್ದಲ್ಲ. ಏರಿನಲ್ಲಿ ಭಾರ ಎಳೆಯುವಾಗ ಅದು ನಿಮಿಷಕ್ಕೆ 1 ಲಕ್ಷ ಸುತ್ತು, ಸಣ್ಣ ಕಾರುಗಳಲ್ಲಿ ಅದಕ್ಕಿಂತಲೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಬಡಿಯುವ ಹೊಗೆಯ ಬಿಸಿ ಡೀಸೆಲ್ ಎಂಜಿನ್ನುಗಳಲ್ಲಿ 600-700 ಡಿಗ್ರಿ ಸೆಲ್ಸಿಯಸ್ ತಲುಪಬಹುದು. ಪೆಟ್ರೋಲ್ ಎಂಜಿನ್ನುಗಳಲ್ಲಿ 900 ಡಿಗ್ರಿ ದಾಟುವುದೂ ಉಂಟು.

ಇಷ್ಟು ವೇಗದ ದಂಡವನ್ನು ಹಿಡಿದಿರುವುದು ಏನು? ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಅಜ್ಜಂದಿರು ಬಲ್ಲರು. ಟರ್ಬೊದಲ್ಲೂ ಅದೇ ತತ್ವ. ದಂಡ ಸಾಮಾನ್ಯವಾಗಿ ಬೇರಿಂಗಿನ ಲೋಹಕ್ಕೆ ತಾಗುವುದಿಲ್ಲ. ಮಿಲಿಮೀಟರಿನ ಕೆಲವೇ ನೂರನೇ ಭಾಗದಷ್ಟು ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಆ ಎಣ್ಣೆ ಒತ್ತಡದಲ್ಲಿ ಹರಿಯುತ್ತ ಘರ್ಷಣೆ ತಪ್ಪಿಸುವುದಲ್ಲದೆ, ಬಿಸಿಯನ್ನೂ ಹೊತ್ತೊಯ್ಯುತ್ತದೆ. ಎಣ್ಣೆಯನ್ನು ತಳ್ಳುವ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ.

ಇರುವ ಸಮಸ್ಯೆ ಇದೇ. ಒಲೆ ಆರಿಸಿದ ಕೂಡಲೇ ದೋಸೆಯ ಕಾವಲಿ ತಣ್ಣಗಾಗುವುದಿಲ್ಲ, ಅಲ್ಲವೆ? ಹಾಗೆಯೇ ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ನಿಲ್ಲಿಸಿದರೆ ಹೊಗೆಯ ಚಕ್ರ, ಅದರ ಕವಚ ಕಾದೇ ಇರುತ್ತವೆ. ಆ ಬಿಸಿ ದಂಡದ ಮೂಲಕ ಬೇರಿಂಗಿನತ್ತ ಹರಿಯುತ್ತದೆ. ಹೊತ್ತೊಯ್ಯಲು ಹರಿಯುವ ಎಣ್ಣೆ ಇಲ್ಲ. ಆದ್ದರಿಂದ ಎಂಜಿನ್ ನಿಂತ ಮೇಲೆ ಬೇರಿಂಗಿನ ಬಿಸಿ ಇಳಿಯುವ ಬದಲು ಕೆಲಕಾಲ ಏರುತ್ತದೆ! ಅಲ್ಲಿ ಉಳಿದ ಚೂರು ಎಣ್ಣೆ ಬಾಣಲೆಯ ತಳದಲ್ಲಿ ಸೀದ ಎಣ್ಣೆಯಂತೆ ಕರಕಲಾಗಿ ಅಂಟಿಕೊಳ್ಳುತ್ತದೆ. ಒಂದು ದಿನದಲ್ಲಿ ಏನೂ ಆಗದು. ವರ್ಷಗಟ್ಟಲೆ ಹೀಗೇ ಆದರೆ ಕರಕಲು ಎಣ್ಣೆಯ ದಾರಿಯನ್ನು ಕಟ್ಟುತ್ತದೆ, ಬೇರಿಂಗನ್ನು ಸವೆಸುತ್ತದೆ. ಆಮೇಲೆ ನೀಲಿ ಹೊಗೆ, ಕರ್ಕಶ ಶಿಳ್ಳೆ, ಏರಿನಲ್ಲಿ ಎಳೆಯದ ಗಾಡಿ, ಕೊನೆಗೆ ದೊಡ್ಡ ಮೊತ್ತದ ರಿಪೇರಿ ಬಿಲ್ಲು.

ಐಡ್ಲಿಂಗಿನಲ್ಲಿ ಬಿಟ್ಟಾಗ ಹೊಗೆಯ ಬಿಸಿ ಬಹಳ ಇಳಿಯುತ್ತದೆ, ಚಕ್ರದ ವೇಗವೂ ತಗ್ಗುತ್ತದೆ, ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ಚಾಲಕ ಕಾಯುವುದು ಇದಕ್ಕಾಗಿ.

ಹಾಗಾದರೆ ಎಷ್ಟು ಹೊತ್ತು? ಪೂರ್ತಿ ಭಾರ ಎಳೆದ ದೊಡ್ಡ ಡೀಸೆಲ್ ಎಂಜಿನ್ನುಗಳಿಗೆ ಸಾಮಾನ್ಯವಾಗಿ 3ರಿಂದ 5 ನಿಮಿಷ. ಘಾಟಿ ಹತ್ತಿದ ಅಥವಾ ಹೆದ್ದಾರಿಯಲ್ಲಿ ಜೋರಾಗಿ ಓಡಿದ ಕಾರಿಗೆ ಒಂದೆರಡು ನಿಮಿಷ ಸಾಕು. ಪೇಟೆಯಲ್ಲಿ ನಿಧಾನವಾಗಿ ಓಡಿಸಿ ಮನೆ ಸೇರಿದರೆ ಕಾಯಬೇಕಾದ್ದೇ ಇಲ್ಲ. ಆ ಕೊನೆಯ ಒಂದೆರಡು ಕಿಲೋಮೀಟರಿನ ಸಾವಧಾನದ ಓಟದಲ್ಲೇ ಟರ್ಬೊ ತಣಿದಿರುತ್ತದೆ. ನಿಖರ ಉತ್ತರ ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ. ಅದನ್ನು ಓದುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು.

ಈಗಿನ ಅನೇಕ ಕಾರುಗಳಲ್ಲಿ ಟರ್ಬೊ ಬೇರಿಂಗಿನ ಸುತ್ತ ನೀರು ಹರಿಯುವ ವ್ಯವಸ್ಥೆ ಇದೆ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಪಠ್ಯಪುಸ್ತಕದ ನಿಯಮದಿಂದಲೇ ಎಂಜಿನ್ ನಿಂತ ಮೇಲೂ ಅದು ಸ್ವಲ್ಪಹೊತ್ತು ಹರಿಯುತ್ತದೆ. ಕೆಲವು ಕಾರುಗಳಲ್ಲಿ ಇದಕ್ಕೆ ಪ್ರತ್ಯೇಕ ವಿದ್ಯುತ್ ಪಂಪು ಇರುತ್ತದೆ. ಸಂಶ್ಲೇಷಿತ ಎಣ್ಣೆಗಳೂ ಹೆಚ್ಚು ಬಿಸಿ ತಾಳುತ್ತವೆ. ಸಿಗ್ನಲ್ಲಿನಲ್ಲಿ ತಾನಾಗಿಯೇ ಎಂಜಿನ್ ನಿಲ್ಲುವ ಕಾರುಗಳನ್ನು ಅದಕ್ಕೆ ತಕ್ಕಂತೆಯೇ ರೂಪಿಸಿರುತ್ತಾರೆ. ಆದ್ದರಿಂದ ಭಯ ಬೇಡ. ಆದರೂ ಘಾಟಿಯ ಏರಿನ ಮಟ್ಟಿಗೆ ಹಳೆಯ ಅಭ್ಯಾಸ ಇನ್ನೂ ಒಳ್ಳೆಯದೇ.

ಎರಡು ಎಚ್ಚರಿಕೆ. ಆಫ್ ಮಾಡುವ ಮುನ್ನ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ತುಳಿಯುವ ಚಟ ಕೆಲವರಿಗಿದೆ. ಅದರಿಂದ ಚಕ್ರ ರಭಸದಲ್ಲಿರುವಾಗಲೇ ಎಣ್ಣೆ ನಿಂತುಹೋಗುತ್ತದೆ. ಟರ್ಬೊಗೆ ಇದಕ್ಕಿಂತ ಕೆಟ್ಟದ್ದು ಬೇರಿಲ್ಲ. ಇನ್ನೊಂದು, ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸುತ್ತ ಕೂರಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಕ್ಕೇ ಕುತ್ತು. ತಣಿಸುವುದೇನಿದ್ದರೂ ಬಯಲಿನಲ್ಲಿ.

ಅಂದಹಾಗೆ, ಹುಡುಗನ ಪಾಠವೂ ಸುಳ್ಳಲ್ಲ. ಎರಡು ನಿಮಿಷ ಕಳೆದ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ, ‘ಇನ್ನು ಆಫ್ ಮಾಡಿ’ ಎಂದು ಅವನು ಧಾರಾಳವಾಗಿ ಹೇಳಬಹುದು.