ಕೈಗಣಕ ಕೊಳ್ಳುವ ಮುನ್ನ ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ!



ಅಂಗಡಿಗೆ ಹೋಗಿ ಮೊಬೈಲೋ ಟ್ಯಾಬೋ ಕೊಳ್ಳುವಾಗ ನೀವು ಏನೇನು ಕೇಳುತ್ತೀರಿ? ಕ್ಯಾಮೆರಾ ಹೇಗಿದೆ, ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ತಿಂಗಳ ಕಂತು ಎಷ್ಟು. ಇಷ್ಟೇ ತಾನೆ? ‘ಇದರಲ್ಲಿ ಕನ್ನಡ ಹೇಗೆ ಬರುತ್ತೆ, ಸ್ವಲ್ಪ ಬರೆದು ತೋರಿಸಪ್ಪಾ’ ಎಂದು ಕೇಳಿದವರು ನಿಮ್ಮಲ್ಲಿ ಎಷ್ಟು ಜನ? ನವೆಂಬರ್ ಬಂದರೆ ಹಳದಿ-ಕೆಂಪು ಶಾಲು ಹೊದೆಯುವ ನಾವು, ಇಪ್ಪತ್ತು ಸಾವಿರ ಎಣಿಸಿ ಕೊಡುವ ಹೊತ್ತಿಗೆ ಮಾತ್ರ ಈ ಪ್ರಶ್ನೆಯನ್ನೇ ನುಂಗಿಬಿಡುತ್ತೇವೆ.

ನಾನು ಅಚ್ಚುಕೂಟದವನು. ಪಿಯುಸಿ ಮುಗಿಸಿ ಮಷೀನಿನ ಪಕ್ಕ ನಿಂತವನು, ಗಣಕಶಾಸ್ತ್ರ ಓದಿದವನಲ್ಲ. ಆದರೆ ಅಕ್ಷರ ನೋಡಿ ನೋಡಿ ಕಣ್ಣು ಪಳಗಿದೆ. ಆ ಕಣ್ಣಿನಿಂದಲೇ ಹೇಳುತ್ತೇನೆ, ಕೇಳಿ.

ಕನ್ನಡದ ಅಕ್ಷರ ಮೂರಂತಸ್ತಿನ ಮನೆ. ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು. ‘ಸ್ತ್ರೀ’ ಎಂದು ಬರೆಯಲು ಸಕಾರದ ಕೆಳಗೆ ಎರಡು ಒತ್ತು ಕೂರಬೇಕು. ಇಂಗ್ಲಿಷಿಗೆಂದು ಅಳತೆ ಮಾಡಿದ ಸಾಲಿನಲ್ಲಿ ಇದನ್ನು ತುರುಕಿದರೆ ಒತ್ತು ಮುಂದಿನ ಸಾಲಿನ ತಲೆಯ ಮೇಲೆ ಹತ್ತುತ್ತದೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಸಾಲಿನ ನಡುವೆ ಸೀಸದ ಪಟ್ಟಿ ಇಟ್ಟು ಒತ್ತಿಗೆ ಜಾಗ ಮಾಡುತ್ತಿದ್ದರು. ಅಂಗೈಯಗಲದ ಪರದೆಯಲ್ಲಿ ಆ ಜಾಗ ಎಲ್ಲಿಂದ ತರುವುದು? ಹಾಗಾಗಿ ಕನ್ನಡ ಓದುವವನಿಗೆ ಪರದೆಯ ಎತ್ತರ, ಅಕ್ಷರದ ಹರಿತ ಎರಡೂ ಹೆಚ್ಚೇ ಬೇಕು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಇದನ್ನೆಲ್ಲ ಮೊದಲೇ ಯೋಚಿಸಿ ಮಾಡಿದ ಕೈಗಣಕ ಒಂದಿತ್ತು, ಗೊತ್ತೇ? ಅದು ಅಮೆರಿಕದಲ್ಲಿ ಹುಟ್ಟಿದ್ದಲ್ಲ, ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು! ಹೆಸರು ಸಿಂಪ್ಯೂಟರ್. ಸರಳ, ಅಗ್ಗ, ಬಹುಭಾಷೆಯ, ಜನರ ಗಣಕ ಎಂಬರ್ಥದ ಇಂಗ್ಲಿಷ್ ಮಾತುಗಳಿಂದ ಹೊಸೆದ ಹೆಸರು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್, ಅವರ ಜೊತೆ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ೧೯೯೯ರಲ್ಲಿ ಟ್ರಸ್ಟ್ ಕಟ್ಟಿದರು, ೨೦೦೧ರ ಏಪ್ರಿಲ್‌ನಲ್ಲಿ ಮಾದರಿ ತೋರಿಸಿದರು. ಒಳಗೆ ಲಿನಕ್ಸ್. ವಿದ್ಯುತ್ತಿಲ್ಲದ ಊರಲ್ಲೂ ನಡೆಯಲೆಂದು ಚಿಕ್ಕ ಪೆನ್ಸಿಲ್ ಸೆಲ್ಲು. ಇಡೀ ಊರಿಗೆ ಒಂದು ಗಣಕ ಸಾಕು, ಪ್ರತಿಯೊಬ್ಬನೂ ತನ್ನ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಲಿ ಎಂಬ ಏರ್ಪಾಡು. ಎಲ್ಲಕ್ಕಿಂತ ಮುಖ್ಯ, ಅಕ್ಷರ ಬಾರದವನಿಗೂ ಅದು ಕನ್ನಡದಲ್ಲಿ ಓದಿ ಹೇಳುತ್ತಿತ್ತು! ಅಮೆರಿಕದ ಪಾಮ್ ಪೈಲಟ್ ೧೯೯೬ರಲ್ಲಿ ಬಂದಾಗ, ಅದರ ಕಡ್ಡಿಯಿಂದ ಬರೆಯಲು ಇಂಗ್ಲಿಷ್ ಅಕ್ಷರದ ಹೊಸ ತಿದ್ದುವಿಕೆಯನ್ನೇ ಜನ ಕಲಿಯಬೇಕಿತ್ತು. ಅಲ್ಲಿ ಮನುಷ್ಯ ಯಂತ್ರಕ್ಕೆ ಬಗ್ಗಬೇಕು. ಇಲ್ಲಿ ಯಂತ್ರವೇ ನಮ್ಮ ಮಾತಿಗೆ ಬಗ್ಗಿತ್ತು.

ಆಮೇಲೇನಾಯಿತು? ಒಂಬತ್ತು ಸಾವಿರದ ಆಸುಪಾಸು ಎಂದು ಹೊರಟ ಬೆಲೆ ನಿಲ್ಲಲಿಲ್ಲ. ೨೦೦೪ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕಪ್ಪು-ಬಿಳುಪಿನದಕ್ಕೇ ಹತ್ತು ಸಾವಿರದ ಹತ್ತಿರ, ಬಣ್ಣದ್ದು ಬೇಕೆಂದರೆ ಇಪ್ಪತ್ತು ಸಾವಿರದ ಹತ್ತಿರ. ಕೈ ಅಲ್ಲಾಡಿಸಿದರೆ ಪುಟ ತಿರುಗುವ ವಿದ್ಯೆ ಅದರಲ್ಲಿತ್ತು. ಐಫೋನ್ ಬಂದದ್ದು ೨೦೦೭ರಲ್ಲಿ, ನೆನಪಿರಲಿ! ಆದರೂ ಹತ್ತಾರು ಸಾವಿರ ಮಾರುವ ಆಸೆಯಿಂದ ಹೊರಟದ್ದು ೨೦೦೫ರ ಹೊತ್ತಿಗೆ ಸುಮಾರು ನಾಲ್ಕು ಸಾವಿರಕ್ಕೇ ಏದುಸಿರು ಬಿಟ್ಟಿತು. ಸರ್ಕಾರಗಳು ಲಕ್ಷಗಟ್ಟಲೆ ಕೊಂಡು ಶಾಲೆಗೆ, ಪಂಚಾಯಿತಿಗೆ ಹಂಚಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಎಲ್ಲರ ಜೇಬಿಗೂ ಬಂತು.

ಇಲ್ಲಿ ಅಭಿಮಾನ ಬದಿಗಿಟ್ಟು ಒಂದು ಮಾತು. ನಮ್ಮೂರಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಯಾರೂ ದುಡ್ಡು ಬಿಚ್ಚುವುದಿಲ್ಲ, ಬಿಚ್ಚಬೇಕಾಗಿಯೂ ಇಲ್ಲ. ರೈತನಿಗೆ ಮೊದಲು ಬೇಕಾಗಿದ್ದದ್ದು ಮಗನೊಂದಿಗೆ ಮಾತಾಡುವ ಫೋನು. ಅದನ್ನು ಕೊಟ್ಟವನು ಗೆದ್ದ. ಆದರೆ ಗೆದ್ದ ಆ ಫೋನಿನಲ್ಲಿ ಕನ್ನಡ ಇರಲಿಲ್ಲವಲ್ಲ, ಆ ನಷ್ಟವನ್ನು ಇವತ್ತಿಗೂ ನಾವು ಕಟ್ಟುತ್ತಿದ್ದೇವೆ.

ಹೇಗೆ ಎನ್ನುತ್ತೀರಾ? ನನ್ನ ಪ್ರೆಸ್ಸಿಗೆ ಬನ್ನಿ. ಲಗ್ನಪತ್ರಿಕೆಯ ಮ್ಯಾಟರ್ ಈಗ ವಾಟ್ಸಾಪಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ವಧುವಿನ ಹೆಸರು ಎಂ, ಎ, ಎಲ್, ಎ. ಪಾಪ, ಆಕೆ ಮಾಲಾ. ದೀರ್ಘ ಬಿಟ್ಟು ಅಚ್ಚಾದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕೆ? ಲಕಾರವೋ ಳಕಾರವೋ, ನಕಾರವೋ ಣಕಾರವೋ ತಿಳಿಯದೆ ಪ್ರತಿ ಪತ್ರಿಕೆಗೂ ನಾಲ್ಕು ಸಲ ಫೋನು. ಕಳಿಸಿದ ಹುಡುಗನ ಕೈಯಲ್ಲಿರುವುದು ಮೂವತ್ತು ಸಾವಿರದ ಫೋನು! ಕನ್ನಡ ಕೀಲಿಮಣೆ ಅದರೊಳಗೇ ಮಲಗಿರುತ್ತದೆ, ಎಬ್ಬಿಸುವವರಿಲ್ಲ.

ಕಾನೂನು ಕೂಡ ನಿಮ್ಮ ಕಡೆಗಿದೆ ಮಿತ್ರರೇ. ೨೦೧೬ರಲ್ಲಿ ಹೊರಟ ಐಎಸ್ ೧೬೩೩೩ ಎಂಬ ಭಾರತೀಯ ಮಾನಕದ ಮೂರನೇ ಭಾಗದ ಪ್ರಕಾರ, ಇಲ್ಲಿ ಮಾರುವ ಮೊಬೈಲು ೨೨ ಭಾಷೆಗಳ ಸಂದೇಶವನ್ನೂ ಓದುವಂತೆ ತೋರಿಸಬೇಕು. ಆದರೆ ಬರೆಯಲು ಕಡ್ಡಾಯವಾದದ್ದು ಇಂಗ್ಲಿಷ್, ಹಿಂದಿ, ಇನ್ನೊಂದು ಭಾಷೆ ಮಾತ್ರ. ಆ ‘ಇನ್ನೊಂದು’ ಕನ್ನಡವೇ ಆಗಬೇಕೆಂದು ಕೇಳಬೇಕಾದವರು ಯಾರು? ಪುಸ್ತಕ ಓದುವ ಸಾಧನದ ಕತೆಯೂ ಅಷ್ಟೆ. ೨೦೧೬ರಲ್ಲಿ ಕಿಂಡಲ್ ಅಂಗಡಿಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಪುಸ್ತಕಗಳು ಬಂದವು. ಕನ್ನಡ ಬಾಗಿಲ ಹೊರಗೇ ನಿಂತಿತ್ತು. ಗಿರಾಕಿ ಕೇಳದಿದ್ದರೆ ಅಂಗಡಿಯವನು ಯಾಕೆ ತರುತ್ತಾನೆ?

ಹಾಗೆಂದು ಕನ್ನಡವಿದ್ದರೆ ಕಳಪೆ ಮಾಲನ್ನೂ ಕೊಳ್ಳಿ ಎನ್ನುತ್ತಿಲ್ಲ. ಮಧ್ಯಾಹ್ನಕ್ಕೇ ಸಾಯುವ ಬ್ಯಾಟರಿಯಲ್ಲಿ ಕನ್ನಡವೂ ಸಾಯುತ್ತದೆ. ರಿಪೇರಿ ನಿಮ್ಮೂರಲ್ಲಿ ಆಗುತ್ತದೆಯೇ ವಿಚಾರಿಸಿ. ಕೈಗೆ ಹಿಡಿತ ಬರುತ್ತದೆಯೇ ನೋಡಿ. ಐದು ಕ್ಯಾಮೆರಾ ಬೇಕೋ ಬೇಡವೋ, ನಿಮ್ಮ ಇಷ್ಟ. ನನ್ನ ಮಟ್ಟಿಗೆ ಒಂದು ಸಾಕು.

ಆದರೆ ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಸೆಟ್ಟಿಂಗ್ ತೆಗೆಸಿ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ. ಗುಂಡಿಗಳ ಮೇಲಿನ ಕನ್ನಡ ಪದ ಅರ್ಧಕ್ಕೆ ತುಂಡಾಗುತ್ತದೆಯೇ? ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆಯಿರಿ. ಒತ್ತುಗಳು ತಮ್ಮ ಜಾಗದಲ್ಲಿ ಕೂತಿವೆಯೇ? ಕನ್ನಡದಲ್ಲಿ ಒಂದು ವಾಕ್ಯ ಮಾತಾಡಿ, ಅದು ಏನು ಬರೆದುಕೊಳ್ಳುತ್ತದೆ ನೋಡಿ. ನಿಮ್ಮ ಅಜ್ಜಿಗೆ ಕೊಡಿಸುವುದಾದರೆ ಅಜ್ಜಿಯನ್ನೇ ಕರೆದುಕೊಂಡು ಹೋಗಿ, ಅವರ ಮಾತು ಅದಕ್ಕೆ ತಿಳಿಯುತ್ತದೆಯೋ ಪರೀಕ್ಷಿಸಿ. ‘ಸಾರ್, ಕನ್ನಡ ಯಾರೂ ಯೂಸ್ ಮಾಡಲ್ಲ’ ಎಂದು ಅಂಗಡಿಯವನು ನಕ್ಕರೆ, ಜಗಳ ಬೇಡ. ದುಡ್ಡನ್ನು ಜೇಬಿಗಿಟ್ಟುಕೊಂಡು ಪಕ್ಕದ ಅಂಗಡಿ ಮೆಟ್ಟಿಲು ಹತ್ತಿ, ಅವನಿಗೆ ಕಾಣುವ ಹಾಗೆ.